ಹೊಕ್ಕಳಿಗೆ ಕಟ್ಟುವ ಸಣಬಿನ ದಾರ

ಒಂದು ಗಡಿಗೆ ನೀರು ಕುದಿಸಲು ಒಂದು ಹೊರೆ ಹತ್ತಿಕಟಿಗೆ ಬೇಕು, ಅರ್ಧ ತಾಸು ಬೇಕು. ದೇಗಾಂವದಲ್ಲಿ ಹತ್ತಿಕಟಿಗೆಗೆ ಯಾರೂ ದುಡ್ಡು ಕೊಡುವುದಿಲ್ಲ. ಹತ್ತಿ ಬಿಡಿಸಿದ ಮೇಲೆ ಹೊಲದ ತುಂಬ ಅದೇ. ಇಷ್ಟು ಅಗ್ಗದ ಕೆಲಸಕ್ಕೆ ಕರೆವ್ವ ಒಂದು ಮುಂಜಾನೆ ಜಗಳಕ್ಕೇ ನಿಂತಳು.

ಮಗಳು ಶಟ್ಟೆವ್ವ ಹೆರಿಗೆಗೆ ತವರಿಗೆ ಬಂದಿದ್ದಳು. ಹೋದ ವರ್ಷ ಅವಳ ಚೊಚ್ಚಲ ಕೂಸು ಹೊಕ್ಕಳಲ್ಲಿ ಕೀವು ತುಂಬಿ ಎಂಟನೆಯ ದಿನ ತೀರಿಕೊಂಡಿತ್ತು. ದೃಷ್ಟಿ ತಾಗಿತೆಂದೇ ಕರೆವ್ವ ನಂಬಿದ್ದಳು. ಈ ಸಲ ಕೂಸು ಉಳಿಯಬೇಕು; ಅವಳಿಗೆ ಬೇರೆ ಆಸೆಯಿರಲಿಲ್ಲ.

ಅವರ ಮನೆಯಲ್ಲಿ ಒಂದು ಪದ್ಧತಿ. ಸಣಬಿನ ಸುಗ್ಗಿಯಲ್ಲಿ ಬಿಡಿಸಿದ ಮೊದಲ ನಾರನ್ನು ಒಲೆಯ ಮೇಲಿನ ಜಂತಿಗೆ ಕಟ್ಟಿಡುತ್ತಿದ್ದರು. ಕೂಸು ಹುಟ್ಟಿದಾಗ ಅದನ್ನೇ ಹೊಸೆದು ಹೊಕ್ಕಳುಬಳ್ಳಿಗೆ ಕಟ್ಟಬೇಕು. ಮತ್ತೆ ನೀರು ಸೋಕಿಸಬಾರದು.

ಆ ಮುಂಜಾನೆ ಶಟ್ಟೆವ್ವನಿಗೆ ಹೆರಿಗೆಯ ಬ್ಯಾನಿ ಶುರುವಾಯಿತು. ಪ್ಲೇಗಿನ ವರ್ಷ ಧಾರವಾಡದ ದವಾಖಾನೆಯಲ್ಲಿ ದುಡಿದು ಕೆಲಸ ಕಲಿತಿದ್ದ ಸೂಲಗಿತ್ತಿ ಸೋಮವ್ವ ಆ ಮಸಿ ಹಿಡಿದ ನಾರನ್ನು ನೋಡಿ, "ತಂಗಿ, ಇದನ್ನ ಕುದಿಸಬೇಕು," ಎಂದಳು.

"ಅಯ್ಯ, ಕುದಿಸಿ ಪಲ್ಲೆ ಮಾಡ್ತೀಯೇನ ಅಕ್ಕಾ?" ಕರೆವ್ವ ಮೂಗು ಮುರಿದಳು. "ಸಣಬಿನಾಗ ಔಷಧ ಐತಿ. ನಮ್ಮ ಬಾವಿ ಹಗ್ಗ ನೋಡು, ಮೂರು ವರ್ಷ ಆತು, ಕೊಳತಿಲ್ಲ. ಆ ಗುಣ ಕಳೀಬ್ಯಾಡ."

"ನಾರಿನ ಗಿಡದಾಗ ಹೊಲಸು ತಡಿಯೋ ಗುಣ ಇರ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಒಂದ್ ಮಾತು ಹೇಳು. ದಂಟಿನಿಂದ ನಾರು ಹೆಂಗ ಬಿಡಿಸಿದಿ?"

"ಹೆಂಗಂದ್ರ? ಕೆರ್ಯಾಗ ಎಂಟು ದಿನ ಕೊಳಿ ಹಾಕಿ..."

"ಊರ ಎಮ್ಮಿ ಎಲ್ಲಿ ಬಿದ್ದು ಹೊರಳ್ತಾವ?"

ಅದೇ ಕೆರೆ ಕರೆವ್ವನ ಕಣ್ಣ ಮುಂದೆ ಬಂತು. ಮೊಣಕಾಲುದ್ದದ ಆ ಕರಿನೀರು, ಎಷ್ಟು ತೊಳೆದರೂ ಕೈ ಬಿಡದ ಆ ನಾತ! ಕೊಳೆ ಹಾಕಿದವಳು ತಾನೇ. ಹೋದ ವರ್ಷ ಬೇರೆ ಸೂಲಗಿತ್ತಿಗೆ ದಾರ ಹೊಸೆದು ಕೊಟ್ಟವಳೂ ತಾನೇ.

"ಅಕ್ಕಾ, ಹಂಗಾದ್ರ ನಾನ..."

"ಗೊತ್ತಿರಲಿಲ್ಲ, ಮಾಡಿದಿ. ಈಗ ಗೊತ್ತಾತು. ಏಳು, ಒಲಿ ಹಚ್ಚು."

ದಾರ, ಹಳೆಯ ಸೀರೆಯ ಅರಿವೆ, ಹೊಕ್ಕಳು ಕೊಯ್ಯುವ ಚೂರಿ ಎಲ್ಲ ಕುದಿದವು. ದಾರ, ಅರಿವೆ ಬಿಸಿಲಲ್ಲಿ ಗರಿಗರಿ ಒಣಗಿದವು. ಸೋಮವ್ವ ಎಲ್ಲರ ಕೈ ತಿಕ್ಕಿ ತೊಳೆಸಿದಳು. ಕರೆವ್ವನ ಗಂಡ ರಾಯಪ್ಪ ಬಾಗಿಲಲ್ಲಿ ಇಣುಕಿ, "ನನ್ನೂ ಕುದಿಸ್ತೀಯೇನವ್ವಾ?" ಎಂದ.

"ನಿಮ್ಮ ಹೊಲಸಿಗೆ ಊರಾಗಿನ ಕಟಿಗಿ ಸಾಲಂಗಿಲ್ಲ, ಹೊರಗ ಕುಂಡರ್ರಿ!" ಎಂದಳು ಸೋಮವ್ವ. ಬ್ಯಾನಿ ತಿನ್ನುತ್ತಿದ್ದ ಶಟ್ಟೆವ್ವ ಕೂಡ ನಕ್ಕುಬಿಟ್ಟಳು.

ಸಂಜೆಗೆ ಹೆಣ್ಣುಕೂಸು ಹುಟ್ಟಿತು. ಏಳನೆಯ ದಿನ ಹೊಕ್ಕಳು ಒಣಗಿ ಉದುರಿತು. ಎಂಟನೆಯ ದಿನವೆಲ್ಲ ಕರೆವ್ವ ಕೂಸಿನ ಮಗ್ಗಲು ಬಿಟ್ಟು ಏಳಲಿಲ್ಲ. ಒಂಬತ್ತನೆಯ ದಿನ ಓಣಿಗೆಲ್ಲ ಬೆಲ್ಲ ಹಂಚಿದಳು.

ತಾಯಂದಿರೇ, ಹತ್ತಿಯಿರಲಿ, ಸಣಬಿರಲಿ, ನಾರಿನ ಗುಣವೊಂದನ್ನೇ ನಂಬಿ ಕೂಡಬೇಡಿರಿ. ಕೂಸಿಗೆ, ಗಾಯಕ್ಕೆ ತಾಗುವ ದಾರ, ಅರಿವೆಗಳನ್ನು ಕುದಿಸಿರಿ, ಬಿಸಿಲಿಗೆ ಒಣಗಿಸಿರಿ, ತೊಳೆದ ಕೈಯಿಂದಲೇ ಮುಟ್ಟಿರಿ. ಹೊಕ್ಕಳಿಗೆ ಬೂದಿ, ಸಗಣಿ ಹಚ್ಚಬೇಡಿರಿ.

ಕರೆವ್ವ ಒಂದು ಮೊಮ್ಮಗುವನ್ನು ಕಳೆದುಕೊಂಡಳು. ಎರಡನೆಯದು ಉಳಿಯಿತು. ಅದಕ್ಕೀಗ ಐದು ತಿಂಗಳು. ಬೋರಲು ಬಿದ್ದು ಕೇಕೆ ಹಾಕುತ್ತದೆ.