ಒಲ್ಲೆ ಅಂದವಳು

"ಆದ್ರ ನೀನೇ ಒಲ್ಲೆ ಅಂದಿದ್ದಿಯಂತಲ್ಲವ್ವಾ?" ಎಂದರು ಜಾಹೇದಾ ಮೇಡಂ, ಕನ್ನಡಕ ಹಣೆಗೇರಿಸಿಕೊಂಡು.

ಗೌತಮಿಗೆ ತಿಳಿಯಲಿಲ್ಲ. ಕಮಲಾಪುರದ ಹೈಸ್ಕೂಲಿನಲ್ಲಿ, ಅವ್ವ ತುಳಜಾಬಾಯಿಯ ಪಕ್ಕ ನಿಂತಿದ್ದಳು. ಹದಿನೈದು ತುಂಬಿತ್ತು, ಐದನೆಯ ತರಗತಿಯ ನಂತರ ಶಾಲೆಗೆ ಹೋಗಿರಲಿಲ್ಲ. ತಮ್ಮೂರು ಮಹಾಗಾಂವದಲ್ಲಿ ತನಗೆ ಕಲಿಸಿದ ಮೇಡಂ ಈಗ ಇಲ್ಲಿದ್ದಾರೆಂದು ಗೊತ್ತಾಗಿ, ಮತ್ತೆ ಸೇರಿಸಿಕೊಳ್ಳಿರೆಂದು ಕೇಳಲು ಬಂದಿದ್ದಳು.

"ಯಾವುದಕ್ಕ ಒಲ್ಲೆ ಅಂದೀನ್ರಿ?"

"ವಸತಿ ಸಾಲಿಗೆ. ಪರೀಕ್ಷಾ ಬರದಿದ್ದ್ಯಲ್ಲಾ? ಸೀಟ್ ಸಿಕ್ಕಿತ್ತು ನಿನಗ. ಇಡೀ ಊರಿಗೆ ನೀ ಒಬ್ಬಾಕಿನೇ. ಖುಷಿಲೆ ನಿಮ್ಮ ಮನಿಗೆ ಬಂದ್ರ ನಿಮ್ಮಕ್ಕ ಬಾಗಲದಾಗೇ ನಿಂತು, 'ಆಕಿ ಹಾಸ್ಟೆಲ್‌ದಾಗ ಇರಂಗಿಲ್ಲಂತ ಅಳಾಕತ್ತಾಳ್ರಿ, ಒಲ್ಲೆ ಅಂತಾಳ' ಅಂದಳು."

ಗೌತಮಿ ಅವ್ವನ ಕಡೆ ತಿರುಗಿದಳು. ಅವ್ವ ಬೆಚ್ಚಲಿಲ್ಲ. ಸೆರಗಿನ ಅಂಚು ಹಿಡಿದು ನೆಲ ನೋಡುತ್ತಿದ್ದಳು. ಅಷ್ಟು ಸಾಕಾಯಿತು.

ಆ ಪರೀಕ್ಷೆಯಲ್ಲಿ ಫೇಲಾಗಿದ್ದಿ ಎಂದು ಅಂದು ಅವಳಿಗೆ ಹೇಳಿದವಳು ಅಕ್ಕ ಸುಜಾತಾಳೇ. ಅತ್ತವಳನ್ನು ತಬ್ಬಿಕೊಂಡು, "ಹೋಗ್ಲಿ ಬಿಡು, ನನ್ನ ಸಂಗಟ ಕಲಬುರಗಿಗೆ ಬಾ, ಅಲ್ಲಿ ದೊಡ್ಡ ಸಾಲಿಗೆ ಹಚ್ಚತೀನಿ" ಎಂದಿದ್ದಳು. ಅಕ್ಕ ಖಾಸಗಿ ದವಾಖಾನೆಯಲ್ಲಿ ನರ್ಸು, ಭಾವ ಲಾರಿ ಮೇಲೆ ಊರೂರು ತಿರುಗುವವನು. ಕಲಬುರಗಿಯ ಗಾಜಿಪುರದ ಬಾಡಿಗೆ ಮನೆಯಲ್ಲಿ ಗೌತಮಿಯ ತೋಳಿಗೆ ಬಂದದ್ದು ಅಕ್ಕನ ಹಾಲುಗೂಸು ಸಾಯಿಕುಮಾರ. ಇವನಿಗೆ ಹಲ್ಲು ಬರಲಿ, ಇವ ನಡೆಯಲಿ, ಇವನಿಗೆ ಮಾತು ಬರಲಿ ಎನ್ನುತ್ತ ಅವಳ ಶಾಲೆ ಮುಂದಕ್ಕೆ ಹೋಯಿತು. ಅವಳೂ ಜೋರು ಮಾಡಿ ಕೇಳಲಿಲ್ಲ. ಪರೀಕ್ಷೆಯಲ್ಲಿ ಬಿದ್ದ ದಡ್ಡಿ ಯಾವ ಬಾಯಿಂದ ಕೇಳಬೇಕು?

ಈ ಜೂನಿನಲ್ಲಿ ಸಾಯಿಗೆ ಟೈ ಕಟ್ಟಿ ಶಾಲೆಗೆ ಕರೆದೊಯ್ದಾಗ ಗೇಟಿನವನು, "ಕೆಲಸದಾಕಿ ಹೊರಗ ನಿಲ್ಲಬೇಕು" ಎಂದ. ಅಕ್ಕ ಪಕ್ಕದಲ್ಲೇ ಇದ್ದಳು. ತಂಗಿ ಎನ್ನಲಿಲ್ಲ. ಮರುದಿನವೇ ಗೌತಮಿ ಊರಿನ ಬಸ್ಸು ಹತ್ತಿದ್ದಳು.

"ವಯಸ್ಸಿನ ಪ್ರಕಾರ ಒಂಬತ್ತಕ್ಕ ಕೂಡಸ್ತೀವಿ. ಬುನಾದಿ ಕಚ್ಚಾ ಆಗ್ಯಾದ, ಸಂಜಿಕೆ ನನ್ನ ಹತ್ರ ಓದಬೇಕು. ಸೋಮವಾರದಿಂದ ಬಾ," ಎಂದರು ಮೇಡಂ.

ಹೊರಗೆ ಬಂದ ಮೇಲೆ ಅವ್ವನೇ ಬಾಯಿ ತೆರೆದಳು. "ಆಗ ನಿಮ್ಮಪ್ಪ ಕಾಲು ಮುರಕೊಂಡು ಮಲಗಿದ್ದ. ನಿಮ್ಮಕ್ಕ ಕೂಸಿನ ಸಲುವಾಗಿ ನೌಕರಿ ಬಿಟ್ಟಿದ್ರ ಮನಿ ಹೆಂಗ ನಡೀತಿತ್ತು?"

ಬಸ್ಸಿನಲ್ಲಿ ಅವ್ವ ಪಕ್ಕದ ಸೀಟು ಹಿಡಿದು ಕರೆದರೂ ಗೌತಮಿ ಹಿಂದೆ ಹೋಗಿ ಕೂತಳು.

ಭಾನುವಾರ ಸುಜಾತಾ ಮಗನನ್ನು ಎತ್ತಿಕೊಂಡು ಬಂದಳು. ಸಾಯಿ "ಚಿಗವ್ವಾ" ಎಂದು ಓಡಿ ಬಂದು ಕಾಲು ಕಟ್ಟಿಕೊಂಡ.

"ನೀ ಇಲ್ಲದ ಉಣ್ಣವಲ್ಲ ಇವ. ನಡಿಯವ್ವಾ," ಎಂದಳು ಸುಜಾತಾ.

"ನನ್ನನ್ನ ಒಂದು ಮಾತು ಕೇಳಿದ್ರ ಏನಾಗ್ತಿತ್ತಕ್ಕಾ?"

"ಕೇಳಿದ್ರ ನೀ ಬರತಿದ್ದಿಲ್ಲ."

ಅಕ್ಕ ಸುಳ್ಳು ಹೇಳಲಿಲ್ಲ. ಅದೇ ಗೌತಮಿಗೆ ಹೆಚ್ಚು ಚುಚ್ಚಿತು.

"ಹಂಗಾದ್ರ ನೀ ಒಲ್ಲೆ ಅನ್ನಬೇಕಿತ್ತು. ನಾ ಕಳಸಂಗಿಲ್ಲ ಅಂತ ಮೇಡಂಗ ಹೇಳಬೇಕಿತ್ತು. ಒಲ್ಲೆ ಅಂದಾಕಿ ನಾ ಅಂತ ಯಾಕ ಹೇಳಿದಿ?"

ಸುಜಾತಾ ಅಳಲು ಶುರು ಮಾಡಿದಳು. ಗೌತಮಿ ಸಾಯಿಗೆ ಅನ್ನ ಕಲಸಿ ಉಣಿಸಿದಳು, ಬಾಯಿ ಒರೆಸಿದಳು, ಚಪ್ಪಲಿ ಹಾಕಿ ಅವನನ್ನು ಅಕ್ಕನ ಕೈಗೆ ಕೊಟ್ಟಳು. ಅವರು ರಸ್ತೆ ಮುಟ್ಟುವವರೆಗೂ ಅವನ ಅಳು ಕೇಳಿಸುತ್ತಿತ್ತು. ಅವಳು ಬಾಗಿಲಿಗೆ ಹೋಗಲಿಲ್ಲ.

ಸೋಮವಾರ ಮುಂಜಾನೆ ಕಮಲಾಪುರದ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತಳು. ಸ್ವಲ್ಪ ದೂರ ಹೋದ ಮೇಲೆ, ಎಡಸೊಂಟವನ್ನು ಹೊರಚಾಚಿ ಓರೆಯಾಗಿ ನಿಂತಿದ್ದೇನೆಂದು ಅವಳಿಗೇ ತಿಳಿಯಿತು. ಎರಡೂ ಕಾಲ ಮೇಲೆ ನೆಟ್ಟಗೆ ನಿಂತಳು. ತಿರುವಿನಲ್ಲಿ ಬಸ್ಸು ವಾಲಿದಾಗ ಎಡಗೈ ತಾನಾಗಿ ಸೊಂಟದ ಬಳಿ ಹೋಗಿ, ಅಲ್ಲಿಲ್ಲದ ಮಗುವಿನ ಬೆನ್ನು ತಡೆದು ಹಿಡಿಯಿತು.