ಕರಡಿಯ ದನಿ

“ಇನ್ನೊಂದು ಬಟ್ಟಲು ಸೂಪ್ ಕೊಡಿ” ಎಂದು ಅವನು ಹೇಳಿದಾಗ ಹೆಂಡತಿ ಚಮಚ ಕೆಳಗಿಟ್ಟು ಅವನ ಮುಖ ನೋಡಿದಳು. ಅವನು ಸೂಪ್ ಕುಡಿಯುವ ಆಸಾಮಿಯೇ ಅಲ್ಲ. ಮನೆಯಲ್ಲಿ ಮಾಡಿದರೆ ‘ಜ್ವರ ಯಾರಿಗೆ?’ ಎಂದು ಕೇಳುವವನು.

“ಬಿಸಿ ಸ್ವಲ್ಪ ಜಾಸ್ತಿ ಇರಲಿ” ಎಂದು ವೇಟರನ್ನು ಮತ್ತೆ ಕರೆದು ಹೇಳಿದ. ಬಿಸಿ ಜಾಸ್ತಿಯಿದ್ದರೆ ಆರಿಸಿಕೊಂಡು ಕುಡಿಯಬೇಕು, ಆರಿಸಲು ಹೊತ್ತು ಹಿಡಿಯುತ್ತದೆ, ಹೊತ್ತಾದರೆ ಸಿನಿಮಾ ತಪ್ಪುತ್ತದೆ. ಅವನ ಯೋಜನೆ ಅಷ್ಟೇ. ಚಿತ್ರಮಂದಿರ ಎದುರು ರಸ್ತೆಯಲ್ಲೇ ಇತ್ತು. ಅದರ ನೆತ್ತಿಯ ಮೇಲೆ, ಹಳದಿ ಮಫ್ಲರ್ ಸುತ್ತಿಕೊಂಡ ಕಂದು ಕರಡಿಯ ಕಟೌಟೊಂದು ದೀಪದ ಬೆಳಕಿನಲ್ಲಿ ಎರಡೂ ಕೈ ಚಾಚಿ ನಗುತ್ತಿತ್ತು. ಅದನ್ನು ನೋಡಬಾರದೆಂದೇ ಅವನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಆದರೆ ಎದುರಿನ ಗೋಡೆಗೆ ಹೋಟೆಲಿನವರು ಕನ್ನಡಿ ಹಾಕಿಸಿದ್ದರು. ಹೆಂಡತಿಯ ತಲೆಯ ಮೇಲೆ ಅದೇ ಕರಡಿ, ಎಡಬಲ ಮಾತ್ರ ಅದಲುಬದಲು.

“ನಿನ್ನೆ ರಾತ್ರಿ ನೀನು ಗೊರಕೆ ಹೊಡೀಲೇ ಇಲ್ಲ” ಎಂದಳು ಅವಳು.

“ಒಳ್ಳೇದಾಯ್ತಲ್ಲ. ನಿನ್ನ ಮೊಣಕೈಗೆ ರಜಾ ಸಿಕ್ತು.”

“ಎಲ್ಲಿಯ ರಜಾ? ಉಸಿರೇ ನಿಂತೋಯ್ತಾ ಅಂತ ನಾನು ಎದ್ದೆದ್ದು ನೋಡಿದೆ. ಮೊದಲು ಗರಗಸ, ಆಮೇಲೆ ಸೀಟಿ. ಅದಿಲ್ದೇ ಇದ್ರೆ ನಂಗೂ ನಿದ್ದೆ ಬರಲ್ಲ ಅಂತ ನಿನ್ನೇನೇ ಗೊತ್ತಾಗಿದ್ದು. ಏನು ಯೋಚನೆ?”

“ಯೋಚನೆ ಏನಿಲ್ಲ. ಖುಷಿಗೆ ನಿದ್ದೆ ಬರ್ಲಿಲ್ಲ.”

ಮದುವೆಯಾದಾಗಿನಿಂದ ಅವಳು ರಾತ್ರಿ ಅವನ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಾಳೆ. ಅವನು ಎಚ್ಚರವಾಗದೆಯೇ ಮಗ್ಗುಲು ಬದಲಿಸುತ್ತಾನೆ. ಬೆಳಗ್ಗೆ ಕೇಳಿದರೆ ಏನೂ ನೆನಪಿರುವುದಿಲ್ಲ. ಊರವರ ದನಿಯನ್ನೆಲ್ಲ ಗಂಟಲಲ್ಲಿಟ್ಟುಕೊಂಡವನಿಗೆ ತನ್ನ ಗೊರಕೆ ಮಾತ್ರ ಹೇಗಿದೆಯೆಂದು ಗೊತ್ತಿರಲಿಲ್ಲ.

ದನಿಯೇ ಅವನ ಕಸುಬು. ಡಬ್ಬಿಂಗಿಗೆ ಬಂದ ಮೇಲೆ ಬಹಳ ಕಾಲ ಗುಂಪಿನಲ್ಲಿ ಗೋವಿಂದ. ಸಂತೆಯ ಗಲಾಟೆ, ಜಗಳದ ಕೂಗು, ಹೆಣದ ಮುಂದಿನ ಅಳು. ಆಮೇಲೆ ಈ ಕರಡಿ ಸಿಕ್ಕಿತು. ಅನಿಮೇಷನ್ ಸಿನಿಮಾದ ನಾಯಕನೇ ಕರಡಿ, ಮೊದಲಿಂದ ಕೊನೆಯವರೆಗೆ ಬಾಯಿ ಮುಚ್ಚದ ಪ್ರಾಣಿ. ಮಾತೆಲ್ಲ ಮುಗಿದ ಮೇಲೆ ಕೆಮ್ಮು, ಬಿಕ್ಕಳಿಕೆ, ಏದುಸಿರಿಗೆಂದೇ ಇನ್ನೊಂದು ದಿನ ಮೈಕಿನ ಮುಂದೆ ನಿಂತಿದ್ದ. ಗೊರಕೆಯೊಂದು ಸರಿ ಬರಲಿಲ್ಲ. “ಇದು ನಾಟಕದ ಗೊರಕೆ ಸಾರ್” ಎಂದು ಸೌಂಡ್ ಇಂಜಿನಿಯರ್ ಮೂತಿ ತಿರುಗಿಸಿದ್ದ. ಊಟವಾಗಿ ಇವನು ಅಲ್ಲೇ ಸೋಫಾದಲ್ಲಿ ಒರಗಿ, ಒಂದು ನಿದ್ದೆ ತೆಗೆದು ಎದ್ದಾಗ, ಇಂಜಿನಿಯರ್ “ಆಯ್ತು, ನೀವಿನ್ನು ಮನೆಗೆ ಹೋಗಿ” ಎಂದಿದ್ದ. ಬೇಸತ್ತು ಬಿಟ್ಟುಬಿಟ್ಟನೆಂದೇ ಅವನು ತಿಳಿದಿದ್ದ.

ಅದೇ ಇಂಜಿನಿಯರ್ ನಿನ್ನೆ ಸಂಜೆ ಫೋನ್ ಮಾಡಿದ. “ಕೊನೇ ಗಳಿಗೇಲಿ ದೊಡ್ಡ ಹೀರೋ ಒಪ್ಕೊಂಡುಬಿಟ್ರು ಸಾರ್. ಕರಡಿ ಮಾತೆಲ್ಲ ಅವರದ್ದೇ ಹಾಕಿದೀವಿ. ತಪ್ಪು ತಿಳ್ಕೋಬೇಡಿ.”

ತಪ್ಪು ತಿಳಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ. ಉಳಿದದ್ದು ಹೆಂಡತಿಗೆ ಹೇಳುವುದು.

ಅದಕ್ಕೆ ಅವರ ಮನೆಯಲ್ಲಿ ಒಂದು ಕಾನೂನಿತ್ತು. ಹಿಂದೆ ಟೈರ್ ಅಂಗಡಿಯ ಕೆಲಸ ಬಿಟ್ಟಾಗ ಅವನು ಅವಳಿಗೆ ತಿಳಿಸದೆ, ದಿನಾ ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೊರಟು, ಪಾರ್ಕಿನಲ್ಲಿ ಕೂತು ತಿಂದು ಬರುತ್ತಿದ್ದ. ಅವಳು ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಊರಲ್ಲಿ ಅರ್ಧ ಜನ ನಿನಗೆ ರಕ್ತಸಂಬಂಧಿಗಳು ಎಂದು ಅವನೇ ರೇಗಿಸುತ್ತಿದ್ದ. ಆ ರಕ್ತಸಂಬಂಧಿಗಳಲ್ಲೊಬ್ಬನಾಗಿ ಟೈರ್ ಅಂಗಡಿಯ ಯಜಮಾನನೇ ಬಂದು ತೋಳು ಚಾಚಿ, “ನಿಮ್ಮವರು ಈಗ ಎಲ್ಲಿದಾರಮ್ಮ?” ಎಂದು ಕೇಳಿಬಿಟ್ಟ. ಆ ಸಂಜೆ ಅವಳು ಜಗಳವಾಡಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು: “ಕೆಟ್ಟ ಸುದ್ದಿ ಇದ್ರೆ ಶೂ ಬಿಚ್ಚೋಕೆ ಮುಂಚೆ ಹೇಳು. ಬಿಚ್ಚಿ ಒಳಗೆ ಬಂದ್ಯೋ, ಎಲ್ಲ ಸರಿಯಿದೆ ಅಂತ್ಲೇ ನಾನು ನಂಬೋದು. ಇನ್ನೊಂದ್ಸಲ ನಂಗೆ ಬೇರೆಯವರಿಂದ ಗೊತ್ತಾಗೋ ಹಾಗಾದ್ರೆ, ಆಮೇಲೆ ನೀನು ಏನು ಹೇಳಿದ್ರೂ ನಾನು ನಂಬಲ್ಲ.”

ನಿನ್ನೆ ಅವನು ಹೇಳಬೇಕೆಂದೇ ಬಾಗಿಲಲ್ಲಿ ನಿಂತ. ಅವಳು ಒಳಗಿಂದ ಫೋನ್ ಎತ್ತಿ ತೋರಿಸುತ್ತ ಓಡಿ ಬಂದಳು. “ನಾಳೆಗೆ ಎರಡು ಟಿಕೆಟ್. ಅಮ್ಮ ಮಗೂನ ನೋಡ್ಕೋತಾರಂತೆ. ಊಟ, ಸಿನಿಮಾ, ನಾವಿಬ್ರೇ. ಮದುವೆಗೆ ಮುಂಚೆ ಹೋಗ್ತಿದ್ವಲ್ಲ, ಹಾಗೆ.” ಅವನು ಬಗ್ಗಿ ಶೂ ಬಿಚ್ಚಿದ.

“ಭಾನುವಾರ ಲ್ಯಾಬಿನವರೆಲ್ಲ ಮಕ್ಕಳನ್ನ ಕರ್ಕೊಂಡು ಹೋಗ್ತಾರಂತೆ” ಎಂದಳು ಅವಳು ಈಗ, ಬ್ರೆಡ್ ಮುರಿಯುತ್ತ. “ನಮ್ಮ ಡಾಕ್ಟರ್ ಏನಂದ್ರು ಗೊತ್ತಾ?”

ಅವನು ಮೂಗು ಹಿಡಿದಂತೆ ಮಾಡಿ ಡಾಕ್ಟರಾದ. “ಏನಮ್ಮಾ, ನಿಮ್ಮ ಯಜಮಾನ್ರು ಕರಡಿಯಂತೆ? ಖಾಲಿ ಹೊಟ್ಟೇಲಿ ಕರ್ಕೊಂಬನ್ನಿ, ಶುಗರ್ ನೋಡೋಣ. ಜೇನು ಜಾಸ್ತಿ ತಿಂದಿರ್ತಾರೆ.”

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳೂ ನಕ್ಕಳು, ಆದರೆ ಬೇಗ ಮುಗಿಸಿದಳು.

“ಬಂದಾಗಿಂದ ಅಮ್ಮನ ಥರ ಮಾತಾಡ್ದೆ, ವೇಟರ್ ಥರ ಮಾತಾಡ್ದೆ, ಈಗ ಡಾಕ್ಟರ್. ನಿನ್ನ ದನೀಲಿ ಒಂದು ಮಾತಾಡು ಗಿಳಿಯಪ್ಪಾ.”

“ನನ್ನ ದನಿ ರಿಪೇರಿಗೆ ಹೋಗಿದೆ ಸೂಜಿ.”

ಸೂಪ್ ಬಂತು. ಹೊಗೆಯಾಡುತ್ತಿತ್ತು. ಅವನು ಊದಿದ, ಕಲಕಿದ, ಮತ್ತೆ ಊದಿದ. ಮೇಜಿನ ಕೆಳಗೆ, ಬಿಗಿಯಾಗಿದ್ದ ಹೊಸ ಶೂಗಳಿಂದ ಕಾಲು ಹೊರಗೆಳೆದುಕೊಂಡ. ಕೂಡಲೇ ಅವಳ ಕಾನೂನು ನೆನಪಾಗಿ ಮತ್ತೆ ಕಾಲು ತೂರಿಸಿಕೊಂಡ.

“ಐಸ್‌ಕ್ರೀಮ್ ಹೇಳೋಣ್ವಾ?”

“ಒಳಗೇ ತಿನ್ನೋಣ. ಏಳು, ಶುರುವಾಗಿಬಿಡತ್ತೆ. ಕರಡಿ ಮೊದಲನೇ ಮಾತು ನಂಗೆ ತಪ್ಪಬಾರ್ದು.” ಅವಳು ಅವನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಆ ಬಿಸಿಬಿಸಿ ಸೂಪನ್ನು ಗಟಗಟನೆ ಕುಡಿದು ಕೆಳಗಿಟ್ಟಳು. ದಿನವಿಡೀ ಆರಿದ ಟೀ ಕುಡಿಯುವವಳು. ಅವನ ಯೋಜನೆ ಅಲ್ಲಿಗೆ ಮುಗಿಯಿತು.

ಚಿತ್ರಮಂದಿರದ ತುಂಬ ಮಕ್ಕಳು. ಕಾಲಡಿಯಲ್ಲಿ ಪಾಪ್‌ಕಾರ್ನ್ ಕರುಮುರು ಎನ್ನುತ್ತಿತ್ತು. ಕೂತ ಕೂಡಲೇ ಅವನ ಪಾದಗಳು ತಾವಾಗಿಯೇ ಶೂಗಳಿಂದ ಆಚೆ ಬಂದವು. ದೀಪ ಆರಿದಾಗ ಅವಳು ಸೀಟಿನ ತುದಿಗೆ ಜರುಗಿ ಕತ್ತು ಮುಂದೆ ಚಾಚಿದಳು. ಕಾಡು, ಹೊಳೆ, ಒಂದು ಗುಹೆ. ಗುಹೆಯಿಂದ ಹಳದಿ ಮಫ್ಲರಿನ ಕರಡಿ ಹೊರಬಂದು ಮೈಮುರಿದು ಬಾಯಿ ತೆರೆಯಿತು. ಊರಿಗೆಲ್ಲ ಗೊತ್ತಿದ್ದ ಆ ಗಡಸು ದನಿ ಕೇಳಿದ್ದೇ ತಡ, ಹಿಂದಿನ ಸಾಲುಗಳಿಂದ ಶಿಳ್ಳೆ ಬಿತ್ತು.

ಅವಳು ಅವನತ್ತ ತಿರುಗಿದಳು. ಪರದೆಯ ಹಸಿರು ಬೆಳಕು ಅವಳ ಅರ್ಧ ಮುಖದ ಮೇಲಿತ್ತು.

“ಇದು ನೀನಲ್ಲ.”

ಈ ಗಳಿಗೆಗೆಂದೇ ಅವನು ಒಂದು ಮಾತು ಹೊಸೆದಿಟ್ಟುಕೊಂಡಿದ್ದ: ‘ಕರಡಿಗೆ ನಾನು ಬರೀ ಕರಡು ಪ್ರತಿ.’ ಅತ್ತೆಯ ದನಿಯಲ್ಲಿ ಹೇಳುವುದೆಂದೂ ನಿಶ್ಚಯಿಸಿದ್ದ. ಈಗ ಅದು ಬೇಡವೆನ್ನಿಸಿತು. ಅವನು ಕತ್ತಲಲ್ಲಿ ಕಾಲಿನಿಂದಲೇ ತಡಕಾಡಿ ಶೂ ಹುಡುಕಿ, ಬಗ್ಗಿ, ಲೇಸ್ ಕಟ್ಟತೊಡಗಿದ.

“ಏನ್ ಮಾಡ್ತಿದೀಯ?”

“ಶೂ ಹಾಕ್ಕೋತಿದೀನಿ.”

ಅವಳ ಕಣ್ಣು ಅವನ ಕಾಲಿನತ್ತ ಇಳಿಯಿತು.

“ನನ್ನ ಮಾತೆಲ್ಲ ತೆಗೆದುಬಿಟ್ಟಿದಾರೆ” ಎಂದ. ಯಾರದ್ದೂ ಅಲ್ಲದ, ತೆಳ್ಳಗಿನ, ತುಸು ಒಡಕಾದ ದನಿ. “ಬಾಗಿಲಲ್ಲೇ ಹೇಳ್ಬೇಕಾಗಿತ್ತು. ನೀನು ಟಿಕೆಟ್ ತೋರಿಸ್ತಾ ಬಂದೆ.”

“ಯಾವಾಗ ಗೊತ್ತಾಯ್ತು?”

“ನಿನ್ನೆ. ಆಣೆಗೂ ನಿನ್ನೇನೇ.”

ಮುಂದಿನ ಸಾಲಿನ ಹೆಂಗಸೊಬ್ಬಳು ಶ್ ಎಂದಳು. ಹೆಂಡತಿ ಇಬ್ಬರ ನಡುವೆ ಇದ್ದ ಪಾಪ್‌ಕಾರ್ನ್ ಡಬ್ಬವನ್ನೆತ್ತಿ ಆಚೆ ಬದಿಗಿಟ್ಟುಕೊಂಡಳು. ಕೈಯನ್ನೂ ಹಿಂದಕ್ಕೆ ತೆಗೆದುಕೊಂಡಳು. ಕರಡಿ ಹೊಳೆ ದಾಟಿತು, ಜೇನಿಗೆ ಕೈ ಹಾಕಿ ಕಚ್ಚಿಸಿಕೊಂಡಿತು, ನರಿಯೊಂದಿಗೆ ಗೆಳೆತನ ಮಾಡಿ ಮೋಸಹೋಯಿತು. ಸುತ್ತ ನಗುವೋ ನಗು. ಅವಳು ನಗಲಿಲ್ಲ. ಅವನು ಪರದೆ ಬಿಟ್ಟು ಅವಳ ಕೆನ್ನೆಯನ್ನೇ ನೋಡುತ್ತ ಕೂತಿದ್ದ. ಅವಳಿಗೆ ಗೊತ್ತಾಗುತ್ತಿತ್ತು. ಆದರೂ ತಿರುಗಲಿಲ್ಲ. ಎದ್ದು ಹೋಗಿಬಿಟ್ಟರೆ ಹಿಂದೆ ಓಡಲು ಶೂ ಹಾಕಿಕೊಂಡಿದ್ದೇನಲ್ಲ ಎಂದೊಂದು ಸಮಾಧಾನ ಹೊಳೆದು, ಹೊಳೆದದ್ದಕ್ಕೆ ನಾಚಿಕೆಯಾಯಿತು.

ಕಾಡಿಗೆ ಚಳಿಗಾಲ ಬಂತು. ಹಿಮ ಬಿತ್ತು. ಕರಡಿ ಗುಹೆಯೊಳಗೆ ಹೋಗಿ ಮಫ್ಲರ್ ಮುಖಕ್ಕೆಳೆದುಕೊಂಡು ಮುದುಡಿ ಮಲಗಿತು. ಸಂಗೀತ ನಿಂತಿತು.

ಮೊದಲು ಗರಗಸ. ನಿಧಾನವಾಗಿ, ಹಸಿ ಮರ ಕೊಯ್ಯುವ ಗರಗಸ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸಣ್ಣ ಸೀಟಿ.

ಮಕ್ಕಳು ಬಿದ್ದು ಬಿದ್ದು ನಕ್ಕರು. “ಅಯ್ಯೋ, ಇದೆಂಥ ಗೊರಕೆ!” ಎಂದಿತು ಹಿಂದೊಂದು ಪುಟ್ಟ ದನಿ. ಮತ್ತೆ ಗರಗಸ, ಮತ್ತೆ ಸೀಟಿ. ಇಡೀ ಚಿತ್ರಮಂದಿರದ ನಾಲ್ಕೂ ಗೋಡೆಗಳಿಂದ ಅದು ಬರುತ್ತಿತ್ತು. ಅವನೂ ಉಳಿದವರಂತೆ ಅದನ್ನು ಮೊದಲ ಬಾರಿಗೆ ಕೇಳುತ್ತ, ಯಾರದ್ದಿರಬಹುದೆಂದು ಯೋಚಿಸುತ್ತಿದ್ದ.

ಪಕ್ಕೆಗೆ ಮೊಣಕೈ ಬಂದು ನಾಟಿತು.

ಅವಳ ಕಣ್ಣು ಪರದೆಯ ಮೇಲೇ ಇತ್ತು. ಇಂಜಿನಿಯರನ ಸೋಫಾ ಅವನಿಗೆ ನೆನಪಾಯಿತು. ಇಕ್ಕಟ್ಟಾದ ಆ ಸೀಟಿನಲ್ಲಿ, ಅಭ್ಯಾಸಬಲದಿಂದ, ಮೆಲ್ಲಗೆ ಅವಳ ಕಡೆಗೆ ಮಗ್ಗುಲು ಬದಲಿಸಿದ. ಮೊಣಕೈ ಅಲ್ಲೇ ಇತ್ತು.