ನನ್ನ ಪಾಠಕ್ಕೆ ನನಗೇ ತರಬೇತಿ

ಆದೇಶ ಬಂದದ್ದು ಸೋಮವಾರ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರಿಗೆಲ್ಲ ತಾರ್ನಾಕದಲ್ಲಿ ಮೂರು ದಿನದ ತರಬೇತಿ, ತಪ್ಪಿಸಿದವರಿಗೆ ನೋಟೀಸು. ವಿಷಯ: ದುಡಿಯುವ ಜನರ ಬಾಯಿಮಾತಿನ ಇತಿಹಾಸವನ್ನು ತರಗತಿಗೆ ತರುವುದು ಹೇಗೆ. ತರಬೇತುದಾರರು: ವಿಜಯಕುಮಾರ. ಆ ಹೆಸರು ಓದಿದ ಕೂಡಲೇ ನನಗೆ ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಅಜ್ಜಿಗೆ ಕೆಮ್ಮು ಕಲಿಸುವುದು ಅನ್ನುತ್ತಾರಲ್ಲ, ಇದು ಅದಕ್ಕಿಂತ ಕಡೆ. ಇಲ್ಲಿ ಅಜ್ಜಿಯ ಕೆಮ್ಮನ್ನೇ ಕದ್ದುಕೊಂಡು ಹೋಗಿ, ಈಗ ಅಜ್ಜಿಗೆ ಕಲಿಸಲು ಬರುತ್ತಿದ್ದ.

ನಾನು ಗುರುದೇವಿ. ಈ ಹೈದರಾಬಾದಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ಮೂರು ವರ್ಷದಿಂದ ಇತಿಹಾಸ ಕಲಿಸುತ್ತಿದ್ದೇನೆ. ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಹನ್ನೊಂದು ವರ್ಷದ ಹಿಂದೆ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಇತಿಹಾಸದಾಗ ಬರೇ ರಾಜರು ಅದಾರ. ನಮ್ಮನ್ಯಾಗ ಯಾರೂ ರಾಜರಿಲ್ರಿ" ಅಂದಳು. ಅದು ಎದೆಗೆ ನಾಟಿತು. ಆವತ್ತೇ ಕೂತು ಒಂದು ಪಾಠ ಮಾಡಿದೆ. ನಿಮ್ಮ ಓಣಿಯಲ್ಲಿ ಈ ಊರು ಕಟ್ಟಿದವರು ಯಾರಿದ್ದಾರೆ ಹುಡುಕಿ, ಅವರಿಗೆ ಈ ಹತ್ತು ಪ್ರಶ್ನೆ ಕೇಳಿ ಎಂದೆ. ಏಳನೆಯದು ಪ್ರಶ್ನೆಯೇ ಅಲ್ಲ: "ನಿಮ್ಮ ಕೈ ತೋರಸ್ರಿ." ಮಕ್ಕಳು ಆ ಕೈಗಳ ಚಿತ್ರ ಬರೆದರು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವಳು ನಾಚಾರಂನ ಗಂಗಾಬಾಯಿ. ಅವಳ ಗುಡಿಸಲಲ್ಲಿ ನಾಲ್ಕು ಸಂಜೆ ಕೂತು ಅವಳ ಮಾತನ್ನು ನಾನೇ ರೆಕಾರ್ಡ್ ಮಾಡಿಕೊಂಡೆ.

ವಿಜಯಕುಮಾರ ಆಗ ನಮ್ಮ ಶಾಲೆಯಲ್ಲೇ ಇದ್ದ. ಬೀದರಿನವನು, ಮಾತು ಬೆಣ್ಣೆ. ಪಕ್ಕದ ಟೇಬಲ್ಲು, ನನ್ನ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಅವನದು. ಸರ್ಕಾರಿ ನೌಕರಿ ಸಿಕ್ಕು ಹೊರಟ ದಿನ, "ನಿಮ್ಮ ಆ ಫೈಲ್ ಕೊಡ್ರಿ ಮೇಡಂ, ಝೆರಾಕ್ಸ್ ಮಾಡಿಸ್ಕೊಂಡು ನಾಳೆ ಕೊಡ್ತೀನಿ" ಅಂದ. ನಾಳೆ ಅನ್ನುವುದು ಮೂರು ತಿಂಗಳಾಯಿತು. ಫೈಲು ಬಂತು, ಅದರ ಜೇಬಿನಲ್ಲಿದ್ದ, ಗಂಗಾಬಾಯಿಯ ಧ್ವನಿಯ ಪೆನ್‌ಡ್ರೈವ್ ಬರಲಿಲ್ಲ. ಎರಡು ವರ್ಷಕ್ಕೆ ನನ್ನ ಹತ್ತು ಪ್ರಶ್ನೆಗಳೂ ತೆಲುಗಿನಲ್ಲಿ ಒಂದು ಕೈಪಿಡಿಯಾಗಿ ಬಂದವು. ಮುಖಪುಟದ ಮೇಲೆ ಅವನ ಹೆಸರು. ಆಮೇಲೆ ಶಾಲು, ಹಾರ, ಫೋಟೋ, ಊರೂರು ತರಬೇತಿ. ನಾನು ಮೇಲಿನವರಿಗೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. "ಹೋಗ್ಲಿ ಬಿಡ್ರಿ" ಅಂದರು ನಮ್ಮ ಹೆಡ್‌ಮಾಸ್ತರು. ನಾನು ಬಿಡಲಿಲ್ಲ. ಬಿಡುವ ಜಾಯಮಾನ ನನ್ನದಲ್ಲ.

ಮೊದಲ ದಿನ ನಲವತ್ತು ಜನ ಸೇರಿದ್ದೆವು. ಎಲ್ಲ ತರಬೇತಿಗಳಂತೆ ಇದರಲ್ಲೂ ಗುಂಪುಗಳಿಗೆ ನದಿಗಳ ಹೆಸರಿಟ್ಟರು. ನಾನು ಮಂಜೀರಾ. ಚಾರ್ಟು, ಸ್ಕೆಚ್ ಪೆನ್ನು, ಚಪ್ಪಾಳೆ ಎಲ್ಲ ಆದ ಮೇಲೆ ಅವನು ಸ್ಪೀಕರಿನಲ್ಲಿ ಒಂದು ಧ್ವನಿ ಹಾಕಿದ. ಗಂಗಾಬಾಯಿ.

"ಮಷೀನು ತಿರುಗೋತನಾ ಕೂಸು ಮಕ್ಕೊಂತಿತ್ರಿ. ಅದು ನಿಂತ ಕೂಡ್ಲೆ ಎದ್ದು ಚೀರ್ತಿತ್ತು. ಎಲ್ಲಾರಿಗೂ ಊಟದ ಬಿಡುವು, ನನಗ ಕೂಸಿನ ಅಳು."

ಕಾಂಕ್ರೀಟ್ ಮಷೀನಿನ ಪಕ್ಕ ಸೀರೆಯ ಜೋಲಿಯಲ್ಲಿ ಮಗುವನ್ನು ಮಲಗಿಸುತ್ತಿದ್ದ ಕತೆ ಅದು. ಅವನು ಅದನ್ನು ತೆಲುಗಿನಲ್ಲಿ ಹೇಳಿದಾಗ ಎಷ್ಟೋ ಜನ ಕಣ್ಣೊರೆಸಿಕೊಂಡರು. ಅವನೂ ಒರೆಸಿಕೊಂಡ. "ಈ ತಾಯಿಯ ಜೊತೆ ನಾನು ನಾಲ್ಕು ಸಂಜೆ ಕೂತಿದ್ದೆ. ನನ್ನನ್ನು ಮಗನೇ ಅಂತ ಕರೆಯುತ್ತಿದ್ದಳು" ಅಂದ. ನನ್ನ ಪಕ್ಕದಲ್ಲಿದ್ದ ಶೈಲಾ ಎಂಬ ತೆಲುಗು ಮಾಧ್ಯಮದ ಟೀಚರ್ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾಲ್ಕು ಸಂಜೆಯನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ ಅಂತ ನನಗೆ ಹಲ್ಲು ಕಡಿಯುವಂತಾಯಿತು.

ಚಹಾದ ಹೊತ್ತಿಗೆ ಅವನೇ ನನ್ನ ಹತ್ತಿರ ಬಂದ.

"ಗುರುದೇವಿ ಮೇಡಂ! ನೀವೂ ಬಂದೀರಿ, ಭಾಳ ಖುಷಿ ಆತ್ರಿ."

"ನನ್ನ ಪಾಠ ಹೆಂಗ ಮಾಡೋದು ಅಂತ ಕಲಿಯಾಕ ಬಂದೀನ್ರಿ" ಅಂದೆ.

ಅವನು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ನಿಧಾನಕ್ಕೆ ತಿಂದು, "ವಿಚಾರಕ್ಕ ಯಾರೂ ಮಾಲಕರಿಲ್ರಿ ಮೇಡಂ. ಮಕ್ಕಳಿಗೆ ಮುಟ್ಟಿದ್ರ ಸಾಕು" ಅಂದ. ನಾಚಿಕೆ ಅನ್ನುವುದು ಅವನ ಮುಖದ ಹತ್ತಿರವೂ ಸುಳಿಯಲಿಲ್ಲ.

ಸಂಜೆ ಅವನು ಪ್ರಕಟಣೆ ಮಾಡಿದ. ಮೂರನೆಯ ದಿನ ಅಭ್ಯಾಸಕ್ಕೆ ಒಬ್ಬರು ಹಳೆಯ ಕೂಲಿಯವರನ್ನು ಕರೆಸಿ ಎಲ್ಲರೂ ಪ್ರಶ್ನೆ ಕೇಳಬೇಕು. ಯಾರಾದರೂ ಕರೆತರುತ್ತೀರಾ? ನಾನು ಕೈ ಎತ್ತಿದೆ. "ಥ್ಯಾಂಕ್ಯೂ ಮೇಡಂ, ನಿಮ್ಮ ಸಹಕಾರ ದೊಡ್ಡದು" ಅಂತ ಚಪ್ಪಾಳೆ ಹೊಡೆಸಿದ. ಹೊಡಿ ಮಗನೇ, ಹೊಡೆಸು ಅಂದುಕೊಂಡೆ. ಗಂಗಾಬಾಯಿಯ ಮುಖವನ್ನು ಅವನು ಜನ್ಮದಲ್ಲಿ ನೋಡಿದವನಲ್ಲ.

ಮರುದಿನ ಸಂಜೆ ನಾಚಾರಂಗೆ ಹೋಗಿ ಅವಳ ಹಳೆಯ ಓಣಿಯಲ್ಲಿ ವಿಚಾರಿಸಿದೆ. ಗಂಗಾಬಾಯಿ ಅರ್ಧ ಕಟ್ಟಿದ ಒಂದು ಅಪಾರ್ಟ್‌ಮೆಂಟಿನ ಕಾವಲಿಗೆ ಇದ್ದಳು. ಮರಳಿನ ಗುಡ್ಡೆಯ ಪಕ್ಕ ತಗಡಿನ ಕೋಣೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಧ್ವನಿ ಮಾತ್ರ ಹಾಗೇ ಇತ್ತು.

"ಹನ್ನೊಂದು ವರ್ಷಕ್ಕ ಹಾದಿ ಸಿಕ್ತೇನ್ರಿ ಟೀಚರ್?"

"ಕೆಲಸ ಯವ್ವಾ, ಬಿಡುವಿಲ್ಲ. ನಾಳೆ ನೀವು ನನ್ನ ಜೊತಿ ಬಂದು ಆವತ್ತಿನಂಗ ಮಾತಾಡಬೇಕು. ಕನ್ನಡದಾಗ ಮಾತಾಡ್ರಿ, ತೆಲುಗಿನಾಗ ನಾ ಹೇಳ್ತೀನಿ." ಕನ್ನಡದಲ್ಲಿ ಮಾತಾಡಿದರೆ ತಾನೇ ರೆಕಾರ್ಡಿನ ಧ್ವನಿಯನ್ನು ಜನ ಗುರುತು ಹಿಡಿಯುವುದು?

"ಎಷ್ಟು ಮಂದಿ ಇರ್ತಾರ್ರಿ?" ಅಂತ ಕೇಳಿದಳು.

"ನಲವತ್ತು."

"ಬರ್ತೀನಿ ತಗೋರಿ" ಅಂದಳು. ಅಷ್ಟು ಬೇಗ ಒಪ್ಪಿದ್ದು ನನ್ನ ಪುಣ್ಯ ಅಂದುಕೊಂಡು ಆಟೋ ಹತ್ತಿದೆ.

ಮೂರನೆಯ ದಿನ ಹನ್ನೊಂದು ಗಂಟೆಗೆ ಗಂಗಾಬಾಯಿಯ ಕೈ ಹಿಡಿದು ಹಾಲಿನೊಳಗೆ ಬಂದೆ. ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದಳು. ವಿಜಯಕುಮಾರ ಎದ್ದು ಕೈ ಮುಗಿದ. ಎಲ್ಲರ ಎದುರಿಗೆ, ಮೈಕಿನಲ್ಲಿ, "ನಮಸ್ಕಾರ ಅಮ್ಮಾ. ಬರ್ರಿ ಕೂಡ್ರಿ. ನಿಮ್ಮ ಹೆಸರೇನ್ರಿ? ಯಾವ ಊರು?" ಅಂತ ಕೇಳಿ, ಅದನ್ನೇ ಎಲ್ಲರಿಗೂ ತೆಲುಗಿನಲ್ಲಿ ಹೇಳಿದ.

ಆ ಎರಡು ಪ್ರಶ್ನೆ ಕೇಳಿ ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ, ಅಲ್ಲೇ ಎದ್ದು ಮನೆಗೆ ಹೋಗಿದ್ದರೂ ನಡೆಯುತ್ತಿತ್ತು.

ಟೀಚರುಗಳು ಒಬ್ಬೊಬ್ಬರಾಗಿ ಕೇಳಿದರು. ಅವಳು ಹೇಳಿದಳು, ನಾನು ತೆಲುಗಿಗೆ ತಂದೆ. ಯಾವ ವಯಸ್ಸಿಗೆ ಬಂದಿರಿ, ಏನು ಕಟ್ಟಿದಿರಿ, ಎಲ್ಲಿ ಮಲಗುತ್ತಿದ್ದಿರಿ. ಮಗುವನ್ನು ಎಲ್ಲಿ ಬಿಡುತ್ತಿದ್ದಿರಿ ಅಂತ ಕೇಳಿದವಳು ಶೈಲಾ. ಗಂಗಾಬಾಯಿ ನಕ್ಕಳು.

"ಎಲ್ಲಿ ಬಿಡೋದ್ರಿ? ಜೋಳಿಗ್ಯಾಗ. ಮಷೀನು ತಿರುಗೋತನಾ ಮಕ್ಕೊಂತಿತ್ತು. ಅದು ನಿಂತ ಕೂಡ್ಲೆ ಎದ್ದು ಚೀರ್ತಿತ್ತು."

ನಾನು ಅನುವಾದ ಮಾಡುವ ಮೊದಲೇ ಕನ್ನಡ ಬಾರದವರಿಗೂ ಆ ಧ್ವನಿ ಗುರುತು ಸಿಕ್ಕಿತ್ತು. ಶೈಲಾ ತನ್ನ ನೋಟ್‌ಬುಕ್ ತಿರುವಿದಳು.

"ಸರ್, ಮೊನ್ನೆ ನೀವು ಕೇಳಿಸಿದ ಅಮ್ಮ ಇವರೇ ಅಲ್ಲವಾ? ನಾಲ್ಕು ಸಂಜೆ ಜೊತೆಗೆ ಕೂತಿದ್ದೆ ಅಂದಿರಿ. ಈಗ ಇವರ ಹೆಸರು ಕೇಳಿದಿರಲ್ಲ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಿಜಯಕುಮಾರ, "ವಯಸ್ಸಾಗಿದೆ, ಮುಖ ಬದಲಾಗಿದೆ..." ಅಂತ ತಡವರಿಸಿದ. ನಾನು ಗಂಗಾಬಾಯಿಯ ಕಡೆ ತಿರುಗಿ ಮೈಕಿನಲ್ಲೇ ಕೇಳಿದೆ: "ಯವ್ವಾ, ಈ ಸರ್ ನಿಮಗ ಗೊತ್ತೇನು?"

"ಇಲ್ರಿ. ಇವತ್ತೇ ನೋಡಾಕತ್ತೀನಿ."

"ನಿಮ್ಮ ಮಾತು ಫೋನಿನಾಗ ಹಿಡಕೊಂಡವರು ಯಾರು?"

"ನೀವಽ ಅಲ್ರಿ ಟೀಚರ್."

ಪ್ರಶ್ನೆ, ಉತ್ತರ ಎಲ್ಲವನ್ನೂ ತೆಲುಗಿಗೆ ತಂದು, ಚೀಲದಿಂದ ಹಳೆಯ ಫೈಲು ತೆಗೆದೆ. ಮಕ್ಕಳ ಅಕ್ಷರ, ಕೈಗಳ ಚಿತ್ರ, ಶಾಲೆಯ ಮೊಹರು, ಹನ್ನೊಂದು ವರ್ಷದ ಹಿಂದಿನ ತಾರೀಕು. ಅದು ಸಾಲಿನಿಂದ ಸಾಲಿಗೆ ಹೋಯಿತು. ನನ್ನ ಹತ್ತು ಪ್ರಶ್ನೆಗಳನ್ನು ನಾನು ತೆಲುಗಿನಲ್ಲಿ ಹೇಳುತ್ತ ಹೋದೆ, ಜನ ಕೈಪಿಡಿ ತೆರೆದು ಒಂದೊಂದನ್ನೇ ತಾಳೆ ನೋಡಿದರು. ವಿಜಯಕುಮಾರ ಇಂಗು ತಿಂದ ಮಂಗನ ಹಾಗೆ ಕುರ್ಚಿಯ ಮೇಲೆ ಕೂತಿದ್ದ. ಯಾರೋ ಚಪ್ಪಾಳೆ ಶುರು ಮಾಡಿದರು. ಅದು ನನಗೆ. ಇಷ್ಟು ವರ್ಷದ ಬೆಂಕಿಗೆ ಒಂದು ಕೊಡ ನೀರು ಸುರಿದ ಹಾಗಾಯಿತು. ಅವನ ಮುಖವನ್ನು ಬೇಕೆಂದೇ ನೋಡಿದೆ, ಮತ್ತೆ ನೋಡಿದೆ.

"ನಂದು ಇನ್ನೂ ಮುಗದಿಲ್ರಿ" ಅಂದಳು ಗಂಗಾಬಾಯಿ.

ಚಪ್ಪಾಳೆ ನಿಂತಿತು. ಅವಳು ನನ್ನ ಕಡೆಗೆ ತಿರುಗಿದ್ದಳು.

"ಟೀಚರ್, ಆ ನಾಕು ಸಂಜೀಗೂ ನಾ ನಿಮಗ ಒಂದಽ ಮಾತು ಹೇಳಿದ್ದೆ. ನನ್ನ ಮಾತು ಎಷ್ಟು ಬೇಕು ಅಷ್ಟು ತಗೋರಿ. ಆದ್ರ ನನ್ನ ಗಂಡನ ಹೆಸರು ಬರೀರಿ. ಆಂವನ್ನ ಮ್ಯಾಲ ಹತ್ತಿಸಿ ಕೊಂದವನ ಹೆಸರೂ ಬರೀರಿ. ಬರೀತೀನಿ ಅಂದ್ರಿ. ಬರದ್ರೇನು?"

ನನಗೆ ನೆನಪಿರಲಿಲ್ಲ. ದೇವರಾಣೆ, ಮರೆತೇ ಹೋಗಿತ್ತು. ಈಗ ಎಲ್ಲ ಒಮ್ಮೆಗೇ ಬಂತು. ಗಂಡನ ಹೆಸರು ಮೌನಪ್ಪ. ಮೂರನೇ ಅಂತಸ್ತಿನ ಹಸಿ ಗೋಡೆ ಅಲುಗಾಡುತ್ತಿದೆ, ಹತ್ತುವುದಿಲ್ಲ ಅಂದವನನ್ನು ಬೈದು ಹತ್ತಿಸಿದವನು ಗುತ್ತಿಗೆದಾರ ಪರಮೇಶ. ಆ ಪರಮೇಶರೇ ಆಗ ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು. ಈಗಲೂ ಅವರೇ. ಹೆಡ್‌ಮಾಸ್ತರು ಫೈಲು ನೋಡಿ, "ಇದೊಂದು ಬ್ಯಾಡ್ರಿ" ಅಂದಿದ್ದರು. ನಾನು ಎರಡು ಸಾಲು ಹೊಡೆದುಹಾಕಿ, 'ಒಬ್ಬ ಕೂಲಿಯವನು ಆಕಸ್ಮಿಕವಾಗಿ ಬಿದ್ದು ತೀರಿಕೊಂಡನು' ಎಂದು ನನ್ನ ಕೈಯಾರೆ ಬರೆದಿದ್ದೆ. ಮತ್ತೆ ನಾಚಾರಂ ಕಡೆ ತಲೆ ಹಾಕಲಿಲ್ಲ.

ನಲವತ್ತು ಜನ ಅನುವಾದಕ್ಕೆ ಕಾಯುತ್ತಿದ್ದರು. ಕನ್ನಡ ಬರುವವರು ಹಾಲಿನಲ್ಲಿ ಇನ್ನೊಬ್ಬನೇ ಇದ್ದ. ವಿಜಯಕುಮಾರ ನಿಧಾನಕ್ಕೆ ತಲೆ ಎತ್ತಿದ. ಜೇಬಿನಿಂದ ಫೋನು ತೆಗೆದು ವಿಡಿಯೋ ಹಚ್ಚಿ ನನ್ನ ಕಡೆಗೆ ಹಿಡಿದ.

"ಅನುವಾದ ಮಾಡ್ರಿ ಮೇಡಂ" ಅಂದ. ದನಿಯಲ್ಲಿ ಮತ್ತೆ ಬೆಣ್ಣೆ ಬಂದಿತ್ತು.

ನನಗಿನ್ನೂ ನಾಲ್ಕು ವರ್ಷ ನೌಕರಿ ಇದೆ. ತೆಲುಗಿನಲ್ಲಿ, "ತನ್ನ ಗಂಡ ಕೆಲಸದಲ್ಲಿ ಬಿದ್ದು ತೀರಿಕೊಂಡಿದ್ದನ್ನು ನೆನೆಸಿಕೊಂಡು ದುಃಖಪಡುತ್ತಿದ್ದಾಳೆ" ಅಂದೆ.

"ಅಟ್ಲ ಕಾದು" ಅಂದಳು ಗಂಗಾಬಾಯಿ.

ಹಾಗಲ್ಲ, ಅಂತ. ತೆಲುಗಿನಲ್ಲಿ. ನಲವತ್ತು ವರ್ಷ ತೆಲುಗು ಮೇಸ್ತ್ರಿಗಳ ಕೈಕೆಳಗೆ ದುಡಿದವಳಿಗೆ ತೆಲುಗು ಬಾರದೇ ಇರುತ್ತದೆಯೇ? ಕನ್ನಡದಲ್ಲಿ ಮಾತಾಡು ಅಂದಿದ್ದವಳು ನಾನು. ನಿನಗೆ ತೆಲುಗು ಬರುತ್ತದಾ ಅಂತ ಒಂದು ಸಲವೂ ಕೇಳಿರಲಿಲ್ಲ. ಅವಳು ನನ್ನ ಕೈಯಿಂದ ಮೈಕು ತೆಗೆದುಕೊಂಡು ತಾನೇ ಹೇಳಿದಳು. ಅಳಲಿಲ್ಲ. ಗೋಡೆ, ಬೈಗುಳ, ಬಿದ್ದ ಹೊತ್ತು, ಹೆಣವನ್ನು ಲಾರಿಯಲ್ಲಿ ಊರಿಗೆ ಸಾಗಿಸಿದ್ದು, ಟೀಚರು ಕೊಟ್ಟ ಮಾತು, ಎಲ್ಲವನ್ನೂ. ಕೊನೆಗೆ, "ಎಲ್ಲರೂ ಬರೆದುಕೊಳ್ಳಿ" ಅಂದಳು. ನಲವತ್ತು ಪೆನ್ನು ಓಡಿದವು.

ನಾನೂ ಬರೆದೆ. ಬರೆಯದೆ ಏನು ಮಾಡಲಿ? ಉಪ್ಪು ತಿಂದವರು ನೀರು ಕುಡಿಯಬೇಕು ಅಂತ ಮೂರು ದಿನದಿಂದ ವಿಜಯಕುಮಾರನಿಗೆ ಮನಸ್ಸಿನಲ್ಲೇ ಹೇಳುತ್ತಿದ್ದವಳು ನಾನೇ.

ಅವಳು ನೇರ ನನ್ನ ಮುಂದೆ ಬಂದು ನಿಂತು ಮತ್ತೆ ಕನ್ನಡಕ್ಕೆ ತಿರುಗಿದಳು.

"ಬರದೀನಿ ಅಂತ ಆವತ್ತೂ ಅಂದ್ರಿ. ನನಗ ಓದಾಕ ಬರಂಗಿಲ್ಲ. ಈ ಮೈಕಿನಾಗ ಓದಿ ಕೇಳಸ್ರಿ."

ಮೈಕು ನನ್ನ ಬಾಯಿಯ ಹತ್ತಿರ ಬಂತು. ಅವನ ಫೋನೂ ಎರಡು ಹೆಜ್ಜೆ ಹತ್ತಿರ ಬಂತು. ಇವತ್ತು ಸಂಜೆಯೊಳಗೆ ಆ ವಿಡಿಯೋ ಯಾರ ಫೋನಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು.

"ಮೌನಪ್ಪ" ಅಂತ ಓದಿದೆ. "ಯಾದಗಿರಿ ಜಿಲ್ಲೆಯವನು. ಹಸಿ ಗೋಡೆ ಹತ್ತುವುದಿಲ್ಲ ಎಂದರೂ ಹತ್ತಿಸಿದ್ದರಿಂದ ಬಿದ್ದು ಸತ್ತ. ಹತ್ತಿಸಿದವನು ಗುತ್ತಿಗೆದಾರ..."

ಅಲ್ಲಿಗೇ ನಿಲ್ಲಿಸಿ ಅವನ ಫೋನಿನ ಕಡೆ ನೋಡಿದೆ.

"ಮುಂದ?" ಅಂದಳು ಗಂಗಾಬಾಯಿ.

"ಪರಮೇಶ" ಅಂತ ಓದಿದೆ.

"ಇನ್ನೊಮ್ಮಿ ಓದ್ರಿ" ಅಂದಳು. "ಜೋರಾಗಿ."